ಪಾಳು ಬಿದ್ದ ಹಿತ್ತಲಿಗೆ ಜೆಸಿಬಿ ಬೇಡ, ನೀವು ಸಾಕು

ಯುಗಾದಿಗೆ ಊರಿಗೆ ಹೋಗ್ತೀರಾ? ಹೋದಾಗ ಒಂದು ಕೆಲಸ ಮಾಡಿ. ಮುಂಬಾಗಿಲಿಗೆ ಮಾವಿನ ತೋರಣ ಕಟ್ಟಿ, ಬೇವು-ಬೆಲ್ಲ ಹಂಚಿ, ಊಟ ಮುಗಿಸಿ ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಹಿಂದಿನ ಬಾಗಿಲು ತೆಗೆದು ನೋಡಿ. ಅಲ್ಲಿ ಏನಿದೆ? ಒಂದು ಕಾಲದಲ್ಲಿ ನಿಮ್ಮ ಅತ್ತೆಯೋ ಅಮ್ಮನೋ ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನಿಲ್ಲುತ್ತಿದ್ದ ಜಾಗ ಅದು. 'ಇವತ್ತು ಅಡುಗೆಗೆ ಏನು?' ಅನ್ನೋ ಪ್ರಶ್ನೆಗೆ ಉತ್ತರ ಸಿಗುತ್ತಿದ್ದದ್ದೂ ಅಲ್ಲೇ. ಈಗ ಎದೆಮಟ್ಟದ ಕಳೆ, ಮುರಿದು ಬಿದ್ದ ಚಪ್ಪರದ ಗೂಟ, ಒಣಗಿದ ತೆಂಗಿನ ಹೆಡೆ, ಯಾರೋ ಎಸೆದ ಪ್ಲಾಸ್ಟಿಕ್ ಚೀಲ. ನೋಡಿದ ತಕ್ಷಣ ಬಾಗಿಲು ಹಾಕಿಬಿಡೋಣ ಅನ್ನಿಸುತ್ತೆ, ಅಲ್ವಾ?

ನಾನೂ ಹಾಗೇ ಮಾಡಿದವಳು. ಕುಮಟಾದಿಂದ ಬಾಡ ದಾಟಿ ಹೋದರೆ ಸಿಗುವ ಕಾಗಾಲದಲ್ಲಿ ನಮ್ಮ ಮನೆಯವರ ಹಳೇ ಮನೆ ಇದೆ. ಅತ್ತೆ ತೀರಿಕೊಂಡ ಮೇಲೆ ನಾಲ್ಕು ವರ್ಷ ಆ ಮನೆಗೆ ಬೀಗ. ಹಬ್ಬಕ್ಕೆ ಹೋಗಿ, ಎರಡು ದಿನ ಇದ್ದು, ದೇವರಿಗೆ ದೀಪ ಹಚ್ಚಿ ಬಸ್ಸು ಹತ್ತಿ ಬರುತ್ತಿದ್ದೆವು. ಹಿತ್ತಲ ಕಡೆ ಯಾರೂ ತಲೆ ಹಾಕಲಿಲ್ಲ. ಐದನೇ ವರ್ಷ ನನಗೆ ಉತ್ಸಾಹ ಬಂತು. ಉತ್ಸಾಹ ಬಂದಾಗಲೇ ನೋಡಿ, ನಾವು ದೊಡ್ಡ ತಪ್ಪು ಮಾಡೋದು!

'ಕ್ಲೀನ್' ಮಾಡಿಸಿದ ಕಥೆ

'ಕೈಯಲ್ಲಿ ಕಿತ್ತು ಮುಗಿಯೋ ಕೆಲಸ ಅಲ್ಲ ಇದು, ಜೆಸಿಬಿ ತರಿಸೋಣ' ಅಂದರು ನಮ್ಮವರು. ನಾನೂ ಹೂಂ ಅಂದೆ. ಒಂದೂವರೆ ಗಂಟೆಯಲ್ಲಿ ಹಿತ್ತಲು ಅಂಗೈಯಷ್ಟು ಸಪಾಟಾಯಿತು. ಫೋಟೋ ತೆಗೆದು ಅಕ್ಕತಂಗಿಯರಿಗೆಲ್ಲ ಕಳಿಸಿದೆ. ಉಳಿದ ಬೇರಿಗೆ ಕಳೆನಾಶಕ ಹೊಡೆಸಿದ್ದೂ ಆಯಿತು. ಪ್ಯಾಕೆಟ್ಟಿನ ಹೈಬ್ರಿಡ್ ಟೊಮೆಟೊ, ಕ್ಯಾಪ್ಸಿಕಂ, ಬೀನ್ಸ್ ತಂದು ಹಾಕಿದೆ.

ಆ ವರ್ಷ ನಮಗೆ ಸಿಕ್ಕಿದ್ದು ಒಂದು ಬುಟ್ಟಿ ಟೊಮೆಟೊ ಕೂಡ ಅಲ್ಲ. ಜೂನ್ ಮಳೆ ಹಿಡಿದ ಮೇಲೆ ಸಡಿಲವಾದ ಮಣ್ಣೆಲ್ಲ ಕೊಚ್ಚಿಕೊಂಡು ಹೋಗಿ ಕೆಂಪು ಚಿರೆಕಲ್ಲಿನ ನೆಲ ಹಲ್ಲು ಕಿರಿಯಿತು. ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಗೊತ್ತಾಯಿತು. ಬಚ್ಚಲ ಹಿಂದಿನ ಬಸಳೆಯ ಬುಡ ಹೋಗಿತ್ತು. ಬಾವಿಕಟ್ಟೆ ಪಕ್ಕದ ತಂಪಿನಲ್ಲಿ ಹಬ್ಬಿದ್ದ ಒಂದೆಲಗ ಹೋಗಿತ್ತು. ನೆಲದೊಳಗೆ ಮಲಗಿದ್ದ ಕೆಸುವಿನ ಗಡ್ಡೆ, ಅರಿಶಿನದ ಕೊನೆ, ತೊಂಡೆಯ ಬೇರು ಎಲ್ಲ ಮಣ್ಣಿನ ಜೊತೆ ಟಿಪ್ಪರ್ ಹತ್ತಿ ಹೋಗಿದ್ದವು. ಅತ್ತೆ ನಲವತ್ತು ವರ್ಷದಲ್ಲಿ ಕೂಡಿಸಿದ್ದನ್ನು ನಾನು ಒಂದೂವರೆ ಗಂಟೆಯಲ್ಲಿ, ಅದೂ ದುಡ್ಡು ಕೊಟ್ಟು, ಕಳೆದುಬಿಟ್ಟಿದ್ದೆ.

ಅದಕ್ಕೇ ಈ ಲೇಖನ. ನನ್ನ ಅಭಿಪ್ರಾಯ ಇಷ್ಟೇ: ಪಾಳು ಬಿದ್ದ ಹಿತ್ತಲು ಖಾಲಿ ಜಾಗ ಅಲ್ಲ. ಅಲ್ಲಿ ಏನಿದೆ ಎಂದು ನಮಗೆ ಗೊತ್ತಿಲ್ಲ, ಅಷ್ಟೇ. ಗೊತ್ತು ಮಾಡಿಕೊಳ್ಳುವ ಮೊದಲು ಅಲ್ಲಿಗೆ ಯಂತ್ರವೂ ಬೇಡ, ವಿಷವೂ ಬೇಡ. ಅಂದಹಾಗೆ ಕಳೆನಾಶಕಗಳಲ್ಲಿ ಹೆಸರಾದ ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರಲ್ಲೇ ನಿರ್ಬಂಧಿಸಿದೆ. ಪರವಾನಗಿ ಪಡೆದ ಕೀಟ ನಿಯಂತ್ರಣದವರ ಮೂಲಕ ಮಾತ್ರ ಬಳಸಬೇಕು ಅನ್ನೋದು ಆದೇಶ. ನಾವು ತಿನ್ನೋ ಹರಿವೆ ಬೆಳೆಯುವ ಜಾಗಕ್ಕೆ ಅದನ್ನು ಹೊಡೆಯೋ ಯೋಚನೆಯೇ ಬೇಡ.

ಮೊದಲ ದಿನ ಬರೀ ನೋಡಿ

ಮೊದಲ ದಿನ ಗುದ್ದಲಿ ಮುಟ್ಟಬೇಡಿ. ಒಂದು ಉದ್ದ ಕೋಲು, ಒಂದು ನೋಟ್‌ಬುಕ್ಕು ಹಿಡಿದು ಹೋಗಿ. ಕೋಲು ಯಾಕೆ ಅಂದ್ರೆ, ವರ್ಷಗಟ್ಟಲೆ ಯಾರೂ ಓಡಾಡದ ಜಾಗದಲ್ಲಿ ಹಾವು ಇರೋದು ಸಹಜ. ಕೋಲಿನಿಂದ ನೆಲ ಬಡಿಯುತ್ತ ಸದ್ದು ಮಾಡಿಕೊಂಡು ನಡೆಯಿರಿ. ಕಾಲು ಮುಚ್ಚುವ ಬೂಟು ಹಾಕಿ. ಕಲ್ಲಿನ ರಾಶಿಗೆ, ಒಣ ಹೆಡೆಯ ಅಡಿಗೆ ಬರಿಗೈ ಹಾಕಬೇಡಿ. ಮಕ್ಕಳನ್ನು ಆ ದಿನ ದೂರ ಇಡಿ.

ನೋಟ್‌ಬುಕ್ಕಿನಲ್ಲಿ ಬದುಕಿರುವುದನ್ನೆಲ್ಲ ಬರೆದುಕೊಳ್ಳಿ. ಕರಿಬೇವು, ನುಗ್ಗೆ, ಚಕ್ರಮುನಿ, ದೊಡ್ಡಪತ್ರೆ ಇವೆಲ್ಲ ಅಷ್ಟು ಸುಲಭಕ್ಕೆ ಸಾಯುವ ಜಾತಿ ಅಲ್ಲ. ಕಳೆಯ ನಡುವೆ ಉಸಿರು ಬಿಗಿಹಿಡಿದುಕೊಂಡು ನಿಂತಿರುತ್ತವೆ. ತೊಂಡೆ ಬಳ್ಳಿ ಒಣಗಿದಂತೆ ಕಂಡರೂ ಬೇರು ಗಟ್ಟಿ ಇರುತ್ತೆ.

ಇನ್ನೊಂದು ಮಾತು ಚೆನ್ನಾಗಿ ನೆನಪಿಡಿ. ಫಾಲ್ಗುಣ-ಚೈತ್ರದಲ್ಲಿ ಕೆಸು, ಸುವರ್ಣಗಡ್ಡೆ, ಅರಿಶಿನ, ಶುಂಠಿ ಇವುಗಳ ಎಲೆ ಒಣಗಿ ನೆಲದ ಮೇಲೆ ಏನೂ ಕಾಣೋದಿಲ್ಲ. ಗಡ್ಡೆ ಒಳಗೆ ಮಲಗಿರುತ್ತೆ, ಮೊದಲ ಮಳೆಗೆ ಏಳುತ್ತೆ. ಏನೂ ಇಲ್ಲ ಅಂತ ನೀವು ಅಗೆದರೆ ಮುಗೀತು. ಹಾಗಾದ್ರೆ ಎಲ್ಲಿದೆ ಅಂತ ಗೊತ್ತಾಗೋದು ಹೇಗೆ? ಪಕ್ಕದ ಮನೆಯವರನ್ನು ಕೇಳಿ! ನಿಮ್ಮ ಅತ್ತೆಯ ಹಿತ್ತಲು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ. 'ಅರಿಶಿನ ಎಲ್ಲಿ ಹಾಕ್ತಿದ್ರು?' ಅಂತ ಕೇಳಿದರೆ ಬೇಲಿಯ ಆಚೆಯಿಂದಲೇ ಬೆರಳು ತೋರಿಸುತ್ತಾರೆ. ಅಂಥ ಜಾಗಕ್ಕೊಂದು ಗೂಟ ಹೊಡೆದು ಗುರುತು ಮಾಡಿ.

ಕಳೆಗೂ ಒಂದು ಲೆಕ್ಕ ಇದೆ

ಪೂರ್ತಿ ಹಿತ್ತಲನ್ನು ಒಂದೇ ಸಲಕ್ಕೆ ಗೆಲ್ಲೋಕೆ ಹೋಗಬೇಡಿ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಎರಡು ಮಡಿ ಮಾಡಿ, ಸಾಕು. ನಾಲ್ಕು ಅಡಿ ಯಾಕಂದ್ರೆ ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿನವರೆಗೆ ಸಿಗಬೇಕು. ಮಡಿಯ ಒಳಗೆ ಕಾಲಿಡುವ ಪ್ರಸಂಗವೇ ಬರಬಾರದು, ತುಳಿದರೆ ಮಣ್ಣು ಗಟ್ಟಿಯಾಗುತ್ತೆ. ಉಳಿದ ಜಾಗದ ಕಳೆಯನ್ನು ಬುಡದ ತನಕ ಕೊಯ್ದು ಬಿಡಿ, ಅಷ್ಟೇ.

ಕರಾವಳಿಯ ಹಿತ್ತಲಲ್ಲಿ ಮೊದಲು ಬಂದು ಕೂರುವುದು 'ಕಮ್ಯುನಿಸ್ಟ್ ಗಿಡ'. ಚಳಿಗಾಲದಲ್ಲಿ ಹೂ ಬಿಟ್ಟು ಬೇಸಿಗೆ ಹೊತ್ತಿಗೆ ಹತ್ತಿಯಂಥ ಬೀಜ ಹಾರಿಸುತ್ತೆ. ಬೀಜ ಆಗುವ ಮೊದಲು ಕೊಯ್ದರೆ ಸೊಪ್ಪು ಒಳ್ಳೇ ಹಸಿರು ಗೊಬ್ಬರ. ಬೀಜ ಆಗಿದ್ದರೆ ಆ ತುದಿಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಗರಿಕೆ ಮತ್ತು ಕೊನ್ನಾರಿ ಗಡ್ಡೆಯನ್ನು ಮೇಲಿಂದ ಕೊಯ್ದು ಪ್ರಯೋಜನ ಇಲ್ಲ. ಕೈಯಲ್ಲಿ ಮಣ್ಣು ಬಿಡಿಸಿ ಗಡ್ಡೆ ಸಮೇತ ಆರಿಸಬೇಕು. ಟಿವಿ ಧಾರಾವಾಹಿ ನೋಡುವಷ್ಟು ಹೊತ್ತು ಸಂಜೆ ಕೂತರೆ ನಾಲ್ಕು ದಿನದಲ್ಲಿ ಒಂದು ಮಡಿ ಮುಗಿಯುತ್ತೆ.

ತುಂಬಾ ಹಠಮಾರಿ ಕಳೆ ಇದ್ದರೆ ಬಿಸಿಲನ್ನೇ ಕೆಲಸಕ್ಕೆ ಹಚ್ಚಿ. ಮಡಿಗೆ ಚೆನ್ನಾಗಿ ನೀರುಣಿಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ. ಮಾರ್ಚ್-ಏಪ್ರಿಲ್ ಬಿಸಿಲಿಗೆ ನಾಲ್ಕರಿಂದ ಆರು ವಾರದಲ್ಲಿ ಕಳೆ ಬೀಜಗಳು ಬೆಂದು ಹೋಗುತ್ತವೆ. ಒಂದು ಮಡಿಯನ್ನು ಹೀಗೆ ಮಳೆಗಾಲಕ್ಕೆ ಸಿದ್ಧ ಮಾಡಿ, ಇನ್ನೊಂದರಲ್ಲಿ ಈಗಲೇ ಬಿತ್ತಿ.

ಮಣ್ಣಿಗೆ ಬೇಕಾದ್ದು ಊರಲ್ಲೇ ಇದೆ

ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ. ಇಷ್ಟು ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಬಿಡುತ್ತೆ, ಹಾಗಾಗಿ ಅಲ್ಲಿನ ಮಣ್ಣು ಹುಳಿ. ಹುಳಿ ಮಣ್ಣಲ್ಲಿ ಎಷ್ಟು ಗೊಬ್ಬರ ಹಾಕಿದರೂ ಗಿಡಕ್ಕೆ ಪೂರ್ತಿ ದಕ್ಕೋದಿಲ್ಲ. ಇದಕ್ಕೆ ಮದ್ದು ಸುಣ್ಣ. ಅಘನಾಶಿನಿ ಅಳಿವೆಯಲ್ಲಿ ಬಳಚು ತೆಗೆದು ಬದುಕುವ ಎಷ್ಟೋ ಹೆಂಗಸರಿದ್ದಾರೆ. ಆ ಬಳಚಿನ ಚಿಪ್ಪಿನಿಂದಲೇ ಸುಣ್ಣ ಆಗೋದು. 2024ರಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣ ಅನ್ನೋ ಮಾನ್ಯತೆ ಸಿಕ್ಕಿದಾಗ ಪತ್ರಿಕೆಗಳಲ್ಲೆಲ್ಲ ಬಂತು. ಅದರ ಚಿಪ್ಪಿನ ಸುಣ್ಣ ನಮ್ಮ ಹಿತ್ತಲಿಗೂ ಬೇಕಾದದ್ದು ಅನ್ನೋದು ಮಾತ್ರ ನಮಗೆ ಮರೆತು ಹೋಗಿದೆ.

ನೀರು ಹಾಕಿ ತಣಿಸಿದ ಸುಣ್ಣದ ಪುಡಿಯನ್ನು ಒಂದು ಚದರ ಮೀಟರಿಗೆ ಒಂದು ಹಿಡಿಯಷ್ಟು ಉದುರಿಸಿ ಮಣ್ಣಿಗೆ ಬೆರೆಸಿ. ಸುಡುವ ಸುಣ್ಣ ಬೇಡ, ಕಣ್ಣಿಗೆ ಬಟ್ಟೆಗೆ ಹಾರದಂತೆ ಜೋಪಾನ. ಸುಣ್ಣ ಮತ್ತು ಹಸಿ ಗೊಬ್ಬರವನ್ನು ಒಟ್ಟಿಗೆ ಹಾಕಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತೆ. ಸುಣ್ಣ ಹಾಕಿ ಎರಡು-ಮೂರು ವಾರ ಬಿಟ್ಟು ಗೊಬ್ಬರ ಹಾಕಿ. ನಿಮ್ಮ ಮಣ್ಣಿಗೆ ಸುಣ್ಣ ಬೇಕೋ ಬೇಡವೋ ಅನ್ನೋ ಅನುಮಾನ ಇದ್ದರೆ ಮಣ್ಣು ಪರೀಕ್ಷೆ ಮಾಡಿಸೋದು ಒಳ್ಳೇದು. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಶಿರಸಿಯಲ್ಲಿದೆ, ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಬಹುದು. ಬಯಲುಸೀಮೆಯ ಓದುಗರೇ, ನಿಮ್ಮ ಕಪ್ಪು ಮಣ್ಣಿಗೆ ಈ ಸುಣ್ಣದ ಉಪಚಾರ ಬೇಡ!

ಆಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮಡಿಗೆ ಮೂರು-ನಾಲ್ಕು ಬುಟ್ಟಿ. ಮೇಲೆ ದರಕು, ಅಂದ್ರೆ ಒಣಗಿದ ತರಗೆಲೆಯ ಹೊದಿಕೆ. ಒಲೆ ಬೂದಿ ಸಿಕ್ಕರೆ ಒಂದೆರಡು ಹಿಡಿ, ಅದರಲ್ಲಿ ಪೊಟ್ಯಾಷ್ ಇರುತ್ತೆ. ನಮ್ಮ ಹಳಬರು ಬಸಳೆ ಬುಡಕ್ಕೆ ಸುಡುಮಣ್ಣು ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ. ದರಕನ್ನು ಕಾಡಂಚಿನಿಂದ ತರೋದಾದರೆ ಕೈಕಾಲು ಮುಚ್ಚುವ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ. ಹೊನ್ನಾವರ, ಸಿದ್ದಾಪುರದ ಕಡೆ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಕಾಣಿಸಿಕೊಳ್ಳೋದು ಈ ಬೇಸಿಗೆಯ ತಿಂಗಳಲ್ಲೇ.

ಬೀಜ ಅಂಗಡಿಯಲ್ಲಿ ಹುಡುಕುವ ಮೊದಲು

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಹಿತ್ತಲು ಹಾಳು ಬಿದ್ದಾಗ ಕಳೆ ಬೆಳೆಯೋದು ದೊಡ್ಡ ನಷ್ಟ ಅಲ್ಲ. ಕಳೆ ಕೀಳಬಹುದು. ಆದ್ರೆ ಬೀಜಕ್ಕೆ ಆಯುಸ್ಸಿದೆ. ಈರುಳ್ಳಿ ಬೀಜ ಒಂದು ವರ್ಷ ಕಳೆದರೆ ಹುಟ್ಟೋದು ಕಷ್ಟ. ಬೆಂಡೆ, ಅಲಸಂದೆ ಎರಡು-ಮೂರು ವರ್ಷ. ಸೌತೆ, ಹೀರೆ, ಕುಂಬಳ, ಮೊಗೆಕಾಯಿ ಬೀಜ ಚೆನ್ನಾಗಿ ಒಣಗಿಸಿಟ್ಟರೆ ನಾಲ್ಕೈದು ವರ್ಷ. ಅದೂ ಕರಾವಳಿಯ ಈ ಥಂಡಿ ಗಾಳಿಯಲ್ಲಿ ಇನ್ನೂ ಕಡಿಮೆ. ಅಂದ್ರೆ ನಾಲ್ಕು ವರ್ಷ ಬೀಗ ಹಾಕಿದ ಮನೆಯಲ್ಲಿ ಅತ್ತೆಯ ಬೀಜದ ಡಬ್ಬ ಇದ್ದರೂ ಒಳಗೆ ಜೀವ ಇರೋದು ಅನುಮಾನ.

ಆದ್ರೂ ಎಸೆಯಬೇಡಿ. ಅಟ್ಟದಲ್ಲಿ, ಅಡುಗೆ ಒಲೆಯ ಮೇಲಿನ ಹೊಗೆಗೆ ಕಟ್ಟಿದ ಗಂಟಿನಲ್ಲಿ, ಬೂದಿ ತುಂಬಿದ ಡಬ್ಬದಲ್ಲಿ, ಗೋಡೆಗೆ ಅಂಟಿಸಿದ ಸಗಣಿ ಬೆರಣಿಯಲ್ಲಿ ಹುಡುಕಿ. ಸಿಕ್ಕಿದ ಬೀಜದಲ್ಲಿ ಹತ್ತನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಒಂದು ವಾರದಲ್ಲಿ ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಿ. ನಾಲ್ಕೈದು ಮೊಳೆತರೆ ದಪ್ಪವಾಗಿ ಬಿತ್ತಿ. ಒಂದೇ ಒಂದು ಮೊಳೆತರೂ ಅದನ್ನು ಕುಂಡದಲ್ಲಿ ಮಗುವಿನ ಹಾಗೆ ಬೆಳೆಸಿ, ಅದರ ಬೀಜ ಹಿಡಿಯಿರಿ.

ಏನೂ ಮೊಳೆಯಲಿಲ್ಲವೇ? ನನಗೂ ಹಾಗೇ ಆಯಿತು. ಜೆಸಿಬಿ ಪ್ರಸಂಗ ಆದ ಮರುವರ್ಷ ಡಬ್ಬದ ಬೀಜ ಪರೀಕ್ಷೆ ಮಾಡಿದೆ. ಒಂದೂ ಹುಟ್ಟಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅದನ್ನು ನೋಡಿ ಪಕ್ಕದ ಮನೆಯ ಅಕ್ಕ 'ಎಂತ ಆಯ್ತೇ ತಂಗಿ?' ಅಂತ ಬಂದರು. ಹೇಳಿದೆ. ಏನೂ ಮಾತಾಡದೆ ವಾಪಸ್ ಹೋದವರು ಹತ್ತು ನಿಮಿಷ ಬಿಟ್ಟು ಒಂದು ಕಟ್ಟು ಬಸಳೆ ಬಳ್ಳಿ, ಕಾಗದದಲ್ಲಿ ಕಟ್ಟಿದ ಕೆಂಪು ಹರಿವೆ ಬೀಜ, ಒಂದು ಹಿಡಿ ಮೊಗೆಕಾಯಿ ಬೀಜ ತಂದರು. 'ತಗ. ಎಲ್ಲಾ ನಿನ್ನ ಅತ್ತೆದೇ. ನನ್ನ ಮಗಳ ಬಾಣಂತನದ ವರ್ಷ ಅವರು ಕೊಟ್ಟದ್ದು, ನಾನು ಬಿಡದೆ ಬೆಳೆಸ್ಕಂಡು ಬಂದೆ' ಅಂದರು.

ಗೆಳತಿಯರೇ, ನಾನು ಈ ಲೇಖನ ಬರೆಯಲು ಕಾರಣ ಆ ಒಂದು ಮಾತು. ಅತ್ತೆ ಡಬ್ಬದಲ್ಲಿ ಇಟ್ಟ ಬೀಜ ಸತ್ತಿತ್ತು. ಕೊಟ್ಟ ಬೀಜ ಬದುಕಿತ್ತು! ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಅಕ್ಕಪಕ್ಕ ನಾಲ್ಕು ಮನೆ ಸುತ್ತಿ ಬನ್ನಿ. ನಿಮ್ಮ ಮನೆಯ ಹಿತ್ತಲು ಬೇರೆಯವರ ಹಿತ್ತಲಲ್ಲಿ ಬೆಳೆಯುತ್ತಿರಬಹುದು.

ಊರ ತಳಿಗೆ ಯಾಕೆ ಇಷ್ಟು ಬೆಲೆ?

'ಬೀಜ ಅಂದ್ರೆ ಬೀಜ, ಪ್ಯಾಕೆಟ್ಟಿನದ್ದಾದರೇನು?' ಅಂತ ನೀವು ಕೇಳಬಹುದು. ಹೈಬ್ರಿಡ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಆದ್ರೆ ಅದರ ಕಾಯಿಯಿಂದ ಬೀಜ ಹಿಡಿದರೆ ಮುಂದಿನ ಬೆಳೆ ತಾಯಿಯಂತೆ ಬರೋದಿಲ್ಲ. ಪ್ರತಿ ವರ್ಷ ಕೊಳ್ಳಬೇಕು. ಊರ ತಳಿ ಹಾಗಲ್ಲ, ಆ ಮಳೆ, ಆ ಉಪ್ಪುಗಾಳಿ, ಆ ಮಣ್ಣಿಗೆ ಒಗ್ಗಿಕೊಂಡು ಬಂದದ್ದು. ಅಘನಾಶಿನಿಯ ದಡದ ಮಾಣಿಕಟ್ಟಾದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಡೆದುಕೊಂಡು ಬೆಳೆಯುವ ಕಗ್ಗ ಭತ್ತ ಇದೆ. ಕುಮಟಾ ಸುತ್ತಿನ ಅಳ್ವೆಕೋಡಿ, ಹಂದಿಗೋಣದ ಸಿಹಿ ಈರುಳ್ಳಿ ಇದೆ. ಬೇಸಿಗೆಯಲ್ಲಿ ಹೆದ್ದಾರಿ 66ರ ಬದಿಯಲ್ಲಿ ಜಡೆ ಹೆಣೆದಂತೆ ಗೊಂಚಲು ಕಟ್ಟಿ ತೂಗುಹಾಕಿರ್ತಾರೆ, ನೋಡಿರ್ತೀರಿ. ಅದೆಲ್ಲ ಇವತ್ತಿಗೂ ಉಳಿದಿರೋದು ಯಾರೋ ಬೀಜ ಉಳಿಸಿದ್ದಕ್ಕೆ ತಾನೇ?

ಅದರಲ್ಲೂ ಹೆಂಗಸರು ಉಳಿಸಿದ್ದು ಕಡಿಮೆಯೇನಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಗೋಕರ್ಣ, ಅಂಕೋಲಾ, ಕುಮಟಾ ಪೇಟೆಗೆ ತರಕಾರಿ ತರುವ ಹಾಲಕ್ಕಿ ಹೆಂಗಸರ ಕೈಯಲ್ಲಿ ಎಷ್ಟು ತಳಿಗಳಿವೆ! ಅದೇ ಸಮುದಾಯದ ಅಂಕೋಲೆಯ ತುಳಸಿ ಗೌಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತ, ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಅಂತ ಕಲಿತರು. ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಶಿರಸಿಯಲ್ಲಿ 'ವನಸ್ತ್ರೀ' ಅನ್ನೋ ಬಳಗ 2001ರಿಂದ ಮಲೆನಾಡಿನ ಹೆಂಗಸರ ಹಿತ್ತಲ ಬೀಜಗಳನ್ನು ಕಾಪಾಡುವ, ಹಂಚಿಕೊಳ್ಳುವ ಕೆಲಸ ಮಾಡುತ್ತ ಬಂದಿದೆ. ಅಲ್ಲಿಯ ಕೆಲಸದ ಬೇರು ಕೂಡ ನಮ್ಮ ಪಕ್ಕದ ಮನೆಯ ಅಕ್ಕ ಮಾಡಿದ ಕೆಲಸವೇ. ಒಬ್ಬಳ ಮಡಿಲಿಂದ ಇನ್ನೊಬ್ಬಳ ಮಡಿಲಿಗೆ.

ನೆರೆಹೊರೆಯಲ್ಲಿ ಬೀಜವೇ ಸಿಗದ ಬೆಂಗಳೂರಿನ ಗೆಳತಿಯರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್ ಅಲ್ಲದ ತಳಿ ತರಬಹುದು. ಬೆಂಡೆಯಲ್ಲಿ ಅರ್ಕಾ ಅನಾಮಿಕ, ಹರಿವೆಯಲ್ಲಿ ಅರ್ಕಾ ಸುಗುಣ. ಇವುಗಳ ಬೀಜ ಹಿಡಿದು ಮತ್ತೆ ಬಿತ್ತಬಹುದು.

ಈಗ ಏನು ಬಿತ್ತಬೇಕು?

ಮೊದಲು ಹರಿವೆ. 25-30 ದಿನಕ್ಕೆ ಸೊಪ್ಪು ಕೊಯ್ಯಬಹುದು, ಹೊಸಬರಿಗೆ ಧೈರ್ಯ ಬರುತ್ತೆ. ಬೀಜ ಸಣ್ಣದು, ಮರಳಿನ ಜೊತೆ ಬೆರೆಸಿ ಚೆಲ್ಲಿ. ಇರುವೆ ಹೊತ್ತೊಯ್ಯದಂತೆ ಸುತ್ತ ಸ್ವಲ್ಪ ಬೂದಿ ಹಾಕಿ. ಬಸಳೆಗೆ ಮೂರು-ನಾಲ್ಕು ಗಣ್ಣಿರುವ ಬಲಿತ ಬಳ್ಳಿ ಸಾಕು, ಎರಡು ಗಣ್ಣು ಮಣ್ಣೊಳಗಿರಲಿ. ಅಲಸಂದೆ, ಬೆಂಡೆ, ಸೌತೆ ಒಂದೂವರೆ ತಿಂಗಳಿಗೆ ಕೈಗೆ ಬರುತ್ತವೆ. ಹೀರೆ ಸ್ವಲ್ಪ ತಡ.

ಮೊಗೆಕಾಯಿಯನ್ನು ಮಾತ್ರ ಮರೆಯಬೇಡಿ. ಫೆಬ್ರುವರಿ-ಮಾರ್ಚಿನಲ್ಲಿ ಬಿತ್ತಿದರೆ ಮೇ ತಿಂಗಳಲ್ಲಿ ಬಲಿತ ಕಾಯಿ. ಬಾಳೆ ಪಟ್ಟೆಯಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕಿದರೆ ಮಳೆಗಾಲದುದ್ದಕ್ಕೂ ಕೆಡೋದಿಲ್ಲ. ಆಷಾಢದ ಜಡಿಮಳೆಯಲ್ಲಿ ಪೇಟೆಗೆ ಹೋಗಲಾಗದೆ ಕೂತಾಗ ಹುಳಿಗೆ ಅದೇ ಗತಿ. ನಮ್ಮ ಕರಾವಳಿಯ ವಸಂತದ ಹಿತ್ತಲು ಇವತ್ತಿನ ಊಟಕ್ಕಷ್ಟೇ ಅಲ್ಲ, ಮಳೆಗಾಲದ ಊಟಕ್ಕೂ ಹೌದು. ಏಪ್ರಿಲ್-ಮೇನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಅರಿಶಿನ, ಶುಂಠಿ, ಸುವರ್ಣಗಡ್ಡೆ, ಕೆಸು ಊರಿಬಿಡಿ. ಕಡುಬು ಬೇಯಿಸೋಕೆ ಅರಿಶಿನದ ಎಲೆಯನ್ನು ದುಡ್ಡು ಕೊಟ್ಟು ತರುವ ಪಾಡು ತಪ್ಪುತ್ತೆ.

ನೀರಿನ ವಿಷಯ ಜೋಪಾನ. ಅಳಿವೆ, ಸಮುದ್ರದ ಹತ್ತಿರದ ಬಾವಿ ಬೇಸಿಗೆ ಕೊನೆಗೆ ಉಪ್ಪಾಗಬಹುದು. ಪಂಪು ಹಚ್ಚಿ ಎಳೆದಷ್ಟೂ ಉಪ್ಪುನೀರು ಒಳಗೆ ಬರುತ್ತೆ. ವಾರಕ್ಕೊಮ್ಮೆ ಬಾಯಿಗೆ ಹಾಕಿ ರುಚಿ ನೋಡಿ. ಉಪ್ಪಿನ ಸುಳಿವು ಸಿಕ್ಕರೆ ಬೀನ್ಸ್, ಈರುಳ್ಳಿಯ ಆಸೆ ಬಿಡಿ. ಹರಿವೆ, ಅಲಸಂದೆ ಸ್ವಲ್ಪ ತಡೆಯುತ್ತವೆ. ಅಕ್ಕಿ-ತರಕಾರಿ ತೊಳೆದ ನೀರನ್ನು ಬುಡಕ್ಕೆ ಹಾಕಿ. ಬಚ್ಚಲ ನೀರು ಬಸಳೆಗೆ ಬಿಡುವುದು ನಮ್ಮ ಹಳೇ ಪದ್ಧತಿ, ನಿಜ. ಆದ್ರೆ ಆಗ ಸೀಗೆಪುಡಿ ಇತ್ತು. ಈಗಿನ ಸೋಪಿನ ಪುಡಿಯ ನೀರು ಸೊಪ್ಪಿನ ಗಿಡಕ್ಕೆ ಬೇಡ, ತೆಂಗು-ಬಾಳೆ ಕಡೆ ತಿರುಗಿಸಿ.

ಯಾರು ನೀರು ಹಾಕ್ತಾರೆ?

ಇದೇ ಅಸಲಿ ಪ್ರಶ್ನೆ. ನಾಲ್ಕು ದಿನ ಉತ್ಸಾಹದಲ್ಲಿ ಬಿತ್ತಿ ಬಸ್ಸು ಹತ್ತಿದರೆ ಐದನೇ ದಿನ ಎಲ್ಲ ಒಣಗುತ್ತೆ. ಇಲ್ಲಿ ನಾನು ಸ್ವಲ್ಪ ನಿಷ್ಠುರವಾಗಿ ಹೇಳ್ತೀನಿ. ಬೀಗ ಹಾಕಿದ ಮನೆಯ ಹಿತ್ತಲನ್ನು 'ನಮ್ಮದು' ಅಂತ ಹಿಡಿದುಕೊಂಡು ಕೊಳೆಸುವುದಕ್ಕಿಂತ ಬೆಳೆಯುವವರ ಕೈಗೆ ಕೊಡೋದು ಮೇಲು. ನಾನು ಪಕ್ಕದ ಮನೆ ಅಕ್ಕನ ಹತ್ತಿರ ಮಾತಾಡಿದೆ. ಗೊಬ್ಬರ, ಬೇಲಿಯ ಖರ್ಚು ನಮ್ಮದು. ನೀರು, ಕೆಲಸ ಅವರದು. ಬಂದ ಬೆಳೆ ಪೂರ್ತಿ ಅವರದು. ಬೀಜ ಮಾತ್ರ ಇಬ್ಬರದೂ. ನಮ್ಮವರಿಗೆ ಮೊದಲು ಇರುಸುಮುರುಸಾಯಿತು, 'ಜಾಗ ಬಿಟ್ಟುಕೊಟ್ಟ ಹಾಗಾಗಲ್ವಾ?' ಅಂತ. 'ನಾಲ್ಕು ವರ್ಷ ಕಮ್ಯುನಿಸ್ಟ್ ಗಿಡಕ್ಕೆ ಬಿಟ್ಟುಕೊಟ್ಟಿದ್ರಲ್ಲ, ಆಗ ಯಾಕೆ ಕೇಳಲಿಲ್ಲ?' ಅಂದೆ. ಮಾತು ಅಲ್ಲಿಗೆ ಮುಗೀತು.

ನೀವು ಇರುವ ಮನೆಯ ಹಿಂದೆಯೇ ಹಿತ್ತಲಿದ್ದರೆ ಇನ್ನೊಂದು ಎಚ್ಚರಿಕೆ. ಹಿತ್ತಲು ನಿಮ್ಮ ಹೆಗಲ ಮೇಲಿನ ಇನ್ನೊಂದು ಹೊರೆ ಆಗಬಾರದು. ಅಡಿಗೆ, ಪಾತ್ರೆ, ಮಕ್ಕಳ ಹೋಂವರ್ಕು, ಅದರ ಮೇಲೆ ಗಿಡಕ್ಕೆ ನೀರು ಅಂತಾದರೆ ಆರು ತಿಂಗಳಲ್ಲಿ ಮತ್ತೆ ಪಾಳು ಬೀಳುತ್ತೆ. ಬಸಳೆ ಹುಳಿ ಉಂಡವರೆಲ್ಲ ಬಸಳೆಗೆ ನೀರು ಹಾಕಲಿ. ಬೆಳಿಗ್ಗೆ ಮಕ್ಕಳ ಪಾಳಿ, ಸಂಜೆ ಯಜಮಾನರ ಪಾಳಿ. ಯಾವತ್ತು ಏನು ಹಾಕಬೇಕು ಅಂತ ಹೇಳೋದು ಮಾತ್ರ ನಿಮ್ಮ ಪಾಲಿಗಿರಲಿ!

'ಇಪ್ಪತ್ತು ರೂಪಾಯಿಗೆ ಸಿಗೋ ಸೊಪ್ಪಿಗೆ ಇಷ್ಟೆಲ್ಲ ಒದ್ದಾಟ ಯಾಕೆ?' ಅಂತ ಯಾರಾದರೂ ಕೇಳೇ ಕೇಳ್ತಾರೆ. ಮೊದಲ ವರ್ಷ ಲೆಕ್ಕ ಹಾಕಿದರೆ ನಷ್ಟವೇ ಕಾಣುತ್ತೆ, ಅದನ್ನು ಮುಚ್ಚಿಡೋದಿಲ್ಲ. ಆದ್ರೆ ಒಂದು ಮಾತು ಕೇಳಿ. ಅಡಿಕೆ, ಗೇರು, ತೆಂಗಿನ ಲೆಕ್ಕವನ್ನು ಮನೆಯ ಗಂಡಸರು ಪುಸ್ತಕದಲ್ಲಿ ಬರೆದಿಟ್ಟರು. ವರ್ಷವಿಡೀ ಮನೆಗೆ ಉಣ್ಣಿಸಿದ ಹಿತ್ತಲ ಲೆಕ್ಕವನ್ನು ಯಾರೂ ಬರೆಯಲಿಲ್ಲ. ಬರೆಯದ್ದರಿಂದಲೇ ಅದು ಪಾಳು ಬಿದ್ದಾಗ ಯಾರಿಗೂ ನಷ್ಟ ಅನ್ನಿಸಲಿಲ್ಲ. ಅಡಿಕೆ ತೋಟ ನಾಲ್ಕು ವರ್ಷ ಹಾಳು ಬಿದ್ದಿದ್ದರೆ ನಮ್ಮ ಮನೆಯವರು ಸುಮ್ಮನಿರುತ್ತಿದ್ದರಾ? ಅದಕ್ಕೇ ನಾನೀಗ ಒಂದು ಪುಸ್ತಕ ಇಟ್ಟಿದ್ದೀನಿ. ಯಾವ ಬೀಜ ಯಾರಿಂದ ಬಂತು, ಯಾರಿಗೆ ಕೊಟ್ಟೆ, ಎಷ್ಟು ಕಾಯಿ ಆಯಿತು ಎಲ್ಲ ಅದರಲ್ಲಿದೆ. ನೀವೂ ಇಡಿ.

ಕಳೆದ ಮಳೆಗಾಲದಲ್ಲಿ ಕಾಗಾಲದಿಂದ ಫೋನು ಬಂತು. 'ತಂಗಿ, ಹನ್ನೊಂದು ಮೊಗೆಕಾಯಿ ಕಟ್ಟಿಟ್ಟಿದ್ದೆ. ಒಂದನ್ನ ಬೀಜಕ್ಕೆ ಬಿಟ್ಟದ್ದೆ. ನಿಂಗೆ ಎಷ್ಟು ಬೇಕು?' ಅಂದರು ಅಕ್ಕ. ನಾನು ಹೆಸರು ಎಣಿಸಿದೆ. ಹುಬ್ಬಳ್ಳಿಯ ನಾದಿನಿ, ಮೈಸೂರಿನ ಗೆಳತಿ, ನಮ್ಮ ಬೀದಿಯ ಇಬ್ಬರು. ಐದು ಪೊಟ್ಟಣ ಅಂದೆ.

ಈ ಸಲ ನಿಮ್ಮ ಸರದಿ. ಹಬ್ಬಕ್ಕೆ ಹೋದಾಗ ಹಿಂದಿನ ಬಾಗಿಲು ತೆಗೆಯಿರಿ. ಎರಡು ಮಡಿ ಮಾಡಿ. ಪಕ್ಕದ ಮನೆಗೆ ಹೋಗಿ, 'ನಮ್ಮ ಅತ್ತೆ ಕೊಟ್ಟ ಬೀಜ ಏನಾದ್ರೂ ಉಳಿದಿದ್ಯಾ?' ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ. ಕೊಡುವವರಿಗೆ ನಿಮಗಿಂತ ಹೆಚ್ಚು ಖುಷಿಯಾಗುತ್ತೆ, ನೋಡ್ತಿರಿ.